ಸಹಾಯ ಬೇಕು: ಕೊನೆಯ ಬೆಂಚಿಗೂ ಕಾಣುವ ಪ್ರಯೋಗ

ರಸಾಯನಶಾಸ್ತ್ರ ಕಲಿಸುವ ಮೇಷ್ಟರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ.

ಬಿ.ಎಸ್ಸಿ. ಮೊದಲ ವರ್ಷಕ್ಕೆ ಪಾಠ ಮಾಡುತ್ತೇನೆ; ತರಗತಿಯಲ್ಲಿ 110 ಮಕ್ಕಳು. ಕ್ರಿಯಾವೇಗದ (ರಾಸಾಯನಿಕ ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂಬುದರ) ಪಾಠವನ್ನು ಈ ಬಾರಿ ಸಮೀಕರಣದಿಂದಲ್ಲ, ಅಯೋಡಿನ್ ಗಡಿಯಾರದ ಪ್ರಯೋಗದಿಂದ ಆರಂಭಿಸಿದೆ. ಟಿಂಕ್ಚರ್ ಅಯೋಡಿನ್‌ಗೆ ವಿಟಮಿನ್ ಸಿ ಮಾತ್ರೆ ಕರಗಿಸಿದ ನೀರು ಬೆರೆಸಿ ಬಣ್ಣ ಕಳೆದೆ. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್, ಗಂಜಿ. ವಿಟಮಿನ್ ಸಿ ಇರುವವರೆಗೆ ದ್ರಾವಣಕ್ಕೆ ಬಣ್ಣವಿಲ್ಲ, ಅದು ಮುಗಿದ ಕೂಡಲೇ ಕಡುನೀಲಿ. ಮನೆಯಲ್ಲಿ ಅರ್ಧ ನಿಮಿಷಕ್ಕೇ ತಿರುಗಿದ್ದು, ತರಗತಿಯಲ್ಲಿ ನಾಲ್ಕು ನಿಮಿಷವಾದರೂ ಮಿಸುಕಲಿಲ್ಲ. “ಸಾರ್, ಗಡಿಯಾರಕ್ಕೆ ಸೆಲ್ ಹಾಕಿ” ಎಂದನೊಬ್ಬ. ನಾನೂ ನಕ್ಕೆ, ಬೆವರುತ್ತಲೇ. ಮನೆಯಲ್ಲಿ ಬಳಸಿದ್ದು ಪೆರಾಕ್ಸೈಡಿನ ಹೊಸ ಬಾಟಲಿ. ಕಾಲೇಜಿನದು ತೆರೆದು ತಿಂಗಳುಗಳೇ ಆಗಿದ್ದವು. ಪೆರಾಕ್ಸೈಡ್ ಒಡೆದು ನೀರಾಗಿರಬೇಕು.

ಮುಂದಿನ ವಾರ ಮತ್ತೆ ಮಾಡುತ್ತೇನೆ, ಬಿಡುವುದಿಲ್ಲ. ಒಂದು ಬೀಕರ್ ಬಿಸಿನೀರಿನಲ್ಲಿ, ಇನ್ನೊಂದು ಐಸ್ ನೀರಿನಲ್ಲಿ ಇಟ್ಟು, ಯಾವುದು ಮೊದಲು ನೀಲಿಯಾಗುತ್ತದೆ, ಏಕೆ ಎಂದು ಮಕ್ಕಳಿಂದ ಮೊದಲೇ ಬರೆಸುವ ಆಲೋಚನೆ ಇದೆ. ಸುಮ್ಮನೆ ನೋಡಿ ಚಪ್ಪಾಳೆ ತಟ್ಟಿದರೆ ಅದು ಜಾದೂ, ಪಾಠವಲ್ಲ. ಆದರೆ 55 ನಿಮಿಷದ ಅವಧಿಯಲ್ಲಿ ಬರೆಸುವುದು, ಚರ್ಚಿಸುವುದು ಎಲ್ಲ ಹಿಡಿಸುತ್ತದೆಯೇ? ಮಾಡಿ ನೋಡಿದವರು ತಿಳಿಸಿ.

ಕೊನೆಯ ಸಾಲಿಗೆ ಕಾಣಿಸಲು ಅರ್ಧ ಲೀಟರಿನ ಬೀಕರ್, ಹಿಂದೆ ಬಿಳಿ ರಟ್ಟು ಸಾಕೇ, ಅಥವಾ ಮೊಬೈಲ್ ಕ್ಯಾಮೆರಾವನ್ನು ಪ್ರೊಜೆಕ್ಟರಿಗೆ ಜೋಡಿಸಬೇಕೇ? ಬೆಂಕಿ, ಹೊಗೆಯ ಪ್ರಯೋಗಗಳನ್ನು ದಯವಿಟ್ಟು ಸೂಚಿಸಬೇಡಿ. ನಮ್ಮ ಕೊಠಡಿಯ ಎರಡು ಕಿಟಕಿಗಳು ತೆರೆಯುವುದೇ ಇಲ್ಲ.