ಹತ್ತು ತಿಂಗಳ ಮಗು, ಬಾಡಿಗೆ ಮನೆ: ಮೊದಲು ಏನು ಸರಿಮಾಡಬೇಕು?

ಹೊಸಬಾಡಿಗೆ:
ಮಗು ಅಂಬೆಗಾಲಲ್ಲಿ ಮನೆಯೆಲ್ಲ ಸುತ್ತುತ್ತಿದೆ. ನೆಲಮಹಡಿ ಮನೆ. ಗೇಟಿನ ಪಕ್ಕ ಸಂಪು, ಬಚ್ಚಲಲ್ಲಿ ನೀರು ಕಾಯಿಸುವ ರಾಡು, ಅಡುಗೆಮನೆಗೆ ಬಾಗಿಲಿಲ್ಲ. ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಸೇಫ್ಟಿ ಕಿಟ್ ತಂದರೆ ಸಾಕಾ? ವಾಕರ್ ಕೊಡಿಸಬಹುದಾ?

ಬೋರಲುಬಕೆಟ್:
ಕಿಟ್ ಆಮೇಲೆ ನೋಡೋಣ. ಮೇಜಿನ ಮೂಲೆ ತಾಗಿದರೆ ಬರುವುದು ಬೋರೆ, ಅಷ್ಟೇ. ನೀರು ಹಾಗಲ್ಲ.

ಇವತ್ತೇ ಸಂಪಿನ ಮುಚ್ಚಳದ ಒಂದು ಅಂಚನ್ನು ಕಾಲಿನಿಂದ ಒತ್ತಿ ನೋಡಿ. ತುಕ್ಕು ಹಿಡಿದ ಬಿಡಿ ತಗಡಾದರೆ ಇನ್ನೊಂದು ಅಂಚು ಏಳುತ್ತದೆ. ಮಗು ಹತ್ತಿ ಕೂತರೂ ಅದೇ ಆಗುವುದು. ಹಿಂಜ್ ಮತ್ತು ಬೀಗದ ಕೊಂಡಿ ಇರುವ ಮುಚ್ಚಳವನ್ನು ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ಟ್ಯಾಂಕರ್ ಪೈಪ್ ಇಳಿಸಿದ ಮೇಲೆ ಮುಚ್ಚಳ ತೆರೆದಿಟ್ಟು ಒಳಗೆ ಹೋಗಬೇಡಿ. ನೀರು ತುಂಬುವಷ್ಟು ಹೊತ್ತೂ ಒಬ್ಬರು ಅಲ್ಲೇ ನಿಲ್ಲಬೇಕು.

ಬಕೆಟ್ಟೂ ಸಣ್ಣ ಅಪಾಯವಲ್ಲ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ. ಇಣುಕಿದ ಮಗು ತಲೆಕೆಳಗಾಗಿ ಬಿದ್ದರೆ ಕೈಯೂರಿ ಏಳಲಾರದು. ನೀರಿನ ಭಾರಕ್ಕೆ ಬಕೆಟ್ಟು ಉರುಳುವುದೂ ಇಲ್ಲ, ಬಾಯಿ ಮುಳುಗಿರುವುದರಿಂದ ಅಳುವೂ ಕೇಳಿಸುವುದಿಲ್ಲ. ಖಾಲಿ ಮಾಡಿ ಬೋರಲು ಹಾಕಿ. ನೀರು ಹಿಡಿದಿಡಲೇಬೇಕಾದರೆ ತಿರುಚಿ ಮುಚ್ಚುವ ಡ್ರಮ್ಮು ಇರಲಿ, ಬಚ್ಚಲ ಬಾಗಿಲಿಗೆ ಹೊರಗಿನಿಂದ ಚಿಲಕ ಬೀಳಲಿ.

ಆರ್‌ಸಿಸಿಬಿ:
ರಾಡನ್ನು ಬಿಟ್ಟೇಬಿಡಿ ಅನ್ನುತ್ತೇನೆ. ಜೋತಾಡುವ ವೈರು ಎಳೆದರೆ ಕುದಿನೀರು, ನೀರಿಗೆ ಕೈಯಿಟ್ಟರೆ ಶಾಕ್. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದೊಡನೆ ಕಡಿದುಬಿಡುವ ಸ್ವಿಚ್ಚು, ಇದೆಯೇ ನೋಡಿ. ‘ಟಿ’ ಗುಂಡಿ ಒತ್ತಿದೊಡನೆ ಟ್ರಿಪ್ ಆಗಬೇಕು. ಹೆಚ್ಚು ಕರೆಂಟು ಹರಿದಾಗ ಬೀಳುವ ಮಾಮೂಲಿ ಸ್ವಿಚ್ಚು ಎಂಸಿಬಿ ಕಾಯುವುದು ವೈರಿಂಗನ್ನು, ಮನುಷ್ಯರನ್ನಲ್ಲ.

ಗೀಸರ್ ಹಾಕಿಸಿದರೆ 50 ಡಿಗ್ರಿಗೆ ಇಡಿ. 60 ಡಿಗ್ರಿ ನೀರು ಎಳೆ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಸಾರಿನ ಪಾತ್ರೆ ನೆಲದ ಮೇಲೆ ಬೇಡ: ಬೇಳೆ ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ.

ಸುಟ್ಟರೆ ನಲ್ಲಿ ನೀರು 20 ನಿಮಿಷ, ಗಡಿಯಾರ ನೋಡಿಕೊಂಡು. ಬಳೆ, ಉಡಿದಾರ ಬೇಗ ತೆಗೆಯಿರಿ, ಆಮೇಲೆ ಊದಿಕೊಳ್ಳುತ್ತದೆ. ಅಂಟಿಕೊಂಡ ಬಟ್ಟೆ ಎಳೆಯಬೇಡಿ. ಐಸು, ಪೇಸ್ಟು, ತುಪ್ಪ, ಇಂಕು ಯಾವುದೂ ಬೇಡ. ಸುಟ್ಟ ಜಾಗ ಚಿಕ್ಕದಿದ್ದರೂ ಈ ವಯಸ್ಸಿಗೆ ವೈದ್ಯರು ನೋಡಲಿ.

ಅಡಿಕೆಚೂರು:
ವಾಕರ್ ಬೇಡವೇ ಬೇಡ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ನಡಿಗೆಯನ್ನೇನೂ ಕಲಿಸುವುದಿಲ್ಲ, ಹೊಸ್ತಿಲಿಗೆ ಚಕ್ರ ತಗುಲಿದರೆ ಮಗು ಮುಗ್ಗರಿಸುತ್ತದೆ, ಒಲೆ ಕಟ್ಟೆಗೆ ಕೈ ಎಟುಕುತ್ತದೆ.

ಸೋಫಾ ಕೆಳಗೆ ಮಲಗಿ ಟಾರ್ಚ್ ಬಿಡಿ. ಶೇಂಗಾ, ಅಡಿಕೆ ಚೂರು, ಗುಂಡಿ ಸೆಲ್ ಸಿಗುವುದು ಅಲ್ಲೇ. ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿರಬಹುದು ಅನ್ನಿಸಿದರೂ ನೇರ ದೊಡ್ಡ ಆಸ್ಪತ್ರೆಗೆ, ಎಕ್ಸ್‌ರೇಗೆ. ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ಕುಡಿದರೂ ವಾಂತಿ ಕೂಡದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಫಿನಾಯಿಲನ್ನು ಹಳೆ ಜ್ಯೂಸ್ ಬಾಟಲಿಗೆ ಸುರಿದಿಡುವ ಅಭ್ಯಾಸ ಇವತ್ತಿಗೇ ನಿಲ್ಲಲಿ.

ಗಂಟಲಿಗೆ ಸಿಕ್ಕಿ ಅಳು, ಕೆಮ್ಮು ನಿಂತುಹೋದರೆ: ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿಸಿ ಮಲಗಿಸಿ. ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆ ನಡುವೆ ಎರಡು ಬೆರಳಿಂದ 5 ಒತ್ತು. ಹೊರಬರುವವರೆಗೆ ಹೀಗೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಕರೆಮಾಡಲಿ. ಕಾಣದ್ದನ್ನು ಬೆರಳು ಹಾಕಿ ತಡಕಿದರೆ ಇನ್ನೂ ಒಳಗೆ ಹೋಗುತ್ತದೆ.

ಹೊಸಬಾಡಿಗೆ:
ಮುಚ್ಚಳ ಒತ್ತಿ ನೋಡಿದೆ, ಅಲುಗಾಡುತ್ತದೆ. ಮೊಳೆಯಿಲ್ಲದೆ ಅಡುಗೆಮನೆಗೆ ಏನು ಅಡ್ಡ ಇಡಲಿ?

ಬೋರಲುಬಕೆಟ್:
ಚೌಕಟ್ಟಿಗೆ ಸ್ಕ್ರೂ ತಿರುಗಿಸಿ ಬಿಗಿಯುವ ಗೇಟ್ ಸಿಗುತ್ತದೆ, ಮೊಳೆ ಬೇಡ. ವಾರಕ್ಕೊಮ್ಮೆ ಅಲುಗಿಸಿ ನೋಡಿ ಬಿಗಿ ಮಾಡಿ. ಮೆಟ್ಟಿಲ ತುದಿಗೆ ಮಾತ್ರ ಅದು ಆಗದು, ಅಲ್ಲಿ ಗೋಡೆಗೆ ಸ್ಕ್ರೂ ಹೊಡೆದದ್ದೇ ಬೇಕು. ಮುಚ್ಚಳ ಬರುವವರೆಗೆ ಮುಂಬಾಗಿಲ ಮೇಲಿನ ಚಿಲಕ ಹಾಕಿಯೇ ಇರಲಿ.