ಆಟಗಾರರ 'ಟ್ರೇಡ್'ಗೆ ಸಾಟಿ ಅನ್ನಬಹುದಾ? 'ಪ್ರಾಸ್ಪೆಕ್ಟ್'ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಕಳೆದ ವಾರ ಒಂದು ಅನುವಾದದ ಕೆಲಸ ಕೈಗೆ ಬಂತು. ಆಟದ ತಂಡಗಳ ಬಗ್ಗೆ ಇಂಗ್ಲಿಷಿನಲ್ಲಿರುವ ಬರಹ. ಕೊಟ್ಟವರು ಆಗಲೇ ಕಂಪ್ಯೂಟರಿನಲ್ಲಿ ಒಂದು ಸುತ್ತು ಕನ್ನಡ ಮಾಡಿಸಿದ್ದರು. 'ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಾಕು ಸಾರ್' ಅಂದರು. ತೆಗೆದು ನೋಡಿದರೆ ತಲೆಬರಹವೇ ಹೀಗಿತ್ತು: 'ತಂಡಗಳು ಯುವ ನಿರೀಕ್ಷೆಗಳನ್ನು ಸಾಬೀತಾದ ನಕ್ಷತ್ರಗಳಿಗಾಗಿ ವ್ಯಾಪಾರ ಮಾಡಬೇಕೇ?' ವಾರಭವಿಷ್ಯದ ಪುಟ ಏನಾದರೂ ಸೇರಿಕೊಂಡಿತಾ ಅಂತ ಇನ್ನೊಮ್ಮೆ ನೋಡಿದೆ.

ವಿಷಯ ಏನೋ ಸುಲಭ. ನಮ್ಮಲ್ಲಿ ಬೆಳೆಯುತ್ತಿರುವ ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟು, ಅಲ್ಲಿಂದ ಹೆಸರು ಮಾಡಿದ ಆಟಗಾರನನ್ನು ತರುವುದು ಸರಿಯಾ ತಪ್ಪಾ ಅನ್ನೋ ಜಗಳ. ಆದರೆ ಒಂದೊಂದು ಪದಕ್ಕೂ ಕನ್ನಡ ಹುಡುಕುತ್ತಾ ಕೂತರೆ ಮೂರು ದಿನ ಹೋಯಿತು. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

'ಸಾಬೀತಾದ' ಅನ್ನೋದನ್ನು ಮೊದಲೇ ಕಿತ್ತು ಹಾಕಿದೆ. ಸಾಬೀತಾಗೋದು ಕೋರ್ಟಿನಲ್ಲಿ ಆರೋಪ. ಆಟಗಾರ 'ಪಳಗಿದವನು' ಅಥವಾ 'ನುರಿತವನು'. ಇದರಲ್ಲಿ ನನಗೆ ಅನುಮಾನ ಇಲ್ಲ, ಮುಂದೆ ಹೋಗೋಣ.

ನಿಜವಾದ ಕಷ್ಟ 'ಟ್ರೇಡ್', ಕಂಪ್ಯೂಟರ್ 'ವ್ಯಾಪಾರ' ಅಂದದ್ದು. ಪತ್ರಿಕೆಗಳಲ್ಲಿ 'ವಿನಿಮಯ' ಅಂತಾರೆ, ಕೆಲವೊಮ್ಮೆ 'ವರ್ಗಾವಣೆ' ಅಂತಾರೆ. ವರ್ಗಾವಣೆ ಅಂದ ಕೂಡಲೇ ನನಗೆ ತಾಲ್ಲೂಕು ಕಚೇರಿಯ ಗುಮಾಸ್ತರು ಕಣ್ಣ ಮುಂದೆ ಬರುತ್ತಾರೆ. ಐಪಿಎಲ್ ಹರಾಜಿನ ಸಮಯದಲ್ಲಂತೂ '27 ಕೋಟಿಗೆ ಪಂತ್ ಬಿಕರಿ' ಅನ್ನೋ ಥರದ ಸಾಲು ಓದಿ ಓದಿ ನಮಗೆ ರೂಢಿಯಾಗಿದೆ. ಆದರೆ ಹರಾಜು ಬೇರೆ, ಟ್ರೇಡ್ ಬೇರೆ, ಅಲ್ವಾ? 2025ರ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ ರಾಜಸ್ಥಾನದಿಂದ ಚೆನ್ನೈಗೆ ಬಂದಾಗ, ಆ ಕಡೆಗೆ ಜಡೇಜ ಮತ್ತು ಸ್ಯಾಮ್ ಕರನ್ ಇಬ್ಬರೂ ಹೋದರು. ಒಂದಕ್ಕೆ ಎರಡು. ಕೂಗೂ ಇಲ್ಲ, ಸುತ್ತಿಗೆಯೂ ಇಲ್ಲ. ಇದು ಬಿಕರಿ ಹೇಗಾಗುತ್ತದೆ?

ಆಗ ನೆನಪಾಗಿದ್ದು ಶಾಲೆಯ ಅರ್ಥಶಾಸ್ತ್ರದ ಪಾಠದಲ್ಲಿದ್ದ 'ಸಾಟಿ ಪದ್ಧತಿ'. ದುಡ್ಡು ಇಲ್ಲದ ಕಾಲದಲ್ಲಿ ರಾಗಿ ಕೊಟ್ಟು ಮಡಕೆ ತರುತ್ತಿದ್ದರಲ್ಲ, ಅದು. ಮಜಾ ಏನು ಅಂದರೆ, 'ಅವನಿಗೆ ಸರಿಸಾಟಿ ಯಾರೂ ಇಲ್ಲ' ಅಂತ ನಾವು ದಿನಾ ಅನ್ನೋ 'ಸಾಟಿ'ಯೂ ಕಿವಿಗೆ ಅದೇ ಪದ. ಅದಲು ಬದಲು ಅನ್ನೋದೂ ಸಾಟಿ, ಸಮ ಅನ್ನೋದೂ ಸಾಟಿ. ಇಂಗ್ಲಿಷಿನ 'ಟ್ರೇಡ್' ಒಳಗೆ ಈ ತಕ್ಕಡಿ ಇಲ್ಲ. ಕೊಟ್ಟದ್ದು ತಂದದ್ದಕ್ಕೆ ಸಮ ಆಯಿತಾ ಅನ್ನೋ ಜಗಳ ನಮ್ಮ ಪದದ ಒಳಗೇ ಕೂತಿದೆ.

ಆ ಇಂಗ್ಲಿಷ್ ಬರಹದಲ್ಲಿ ಒಂದು ಹಳೆಯ ಬೇಸ್‌ಬಾಲ್ ಕಥೆ ಬರುತ್ತದೆ. 1987ರ ಆಗಸ್ಟಿನಲ್ಲಿ ಡೆಟ್ರಾಯ್ಟ್ ತಂಡ ಗೆಲ್ಲುವ ಹಂತದಲ್ಲಿತ್ತು. ಒಬ್ಬ ಒಳ್ಳೆ ಪಿಚರ್, ಅಂದರೆ ಚೆಂಡು ಎಸೆಯುವವನು, ಬೇಕಿತ್ತು. ಕೆಳಗಿನ ಲೀಗಿನಲ್ಲಿ ಆಡುತ್ತಿದ್ದ ಜಾನ್ ಸ್ಮೋಲ್ಟ್ಸ್ ಅನ್ನೋ 20 ವರ್ಷದ ಹುಡುಗನನ್ನು ಅಟ್ಲಾಂಟಾಕ್ಕೆ ಕೊಟ್ಟು, 36 ವರ್ಷದ ಡಾಯ್ಲ್ ಅಲೆಕ್ಸಾಂಡರನ್ನು ತಂದರು. ಅವನು ಬಂದ ಮೇಲೆ ಆ ವರ್ಷ 9 ಪಂದ್ಯ ಗೆದ್ದ, ಒಂದೂ ಸೋಲಲಿಲ್ಲ. ಡೆಟ್ರಾಯ್ಟ್ ತನ್ನ ವಿಭಾಗದಲ್ಲಿ ಮೊದಲು ಬಂತು, ಮುಂದಿನ ಸುತ್ತಿನಲ್ಲಿ ಮಿನ್ನೆಸೋಟದ ಎದುರು ಸೋತಿತು. ಅಲೆಕ್ಸಾಂಡರ್ 1989ಕ್ಕೆ ಆಟ ಬಿಟ್ಟ. ಆ ಹುಡುಗ ಅಟ್ಲಾಂಟಾದಲ್ಲಿ ಇಪ್ಪತ್ತು ವರ್ಷ ಆಡಿ, ಆಟ ಬಿಡುವ ಹೊತ್ತಿಗೆ ಎಲ್ಲಾ ತಂಡ ಸೇರಿ 213 ಗೆಲುವು ಕಂಡು, 2015ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಬರೆದವರು ಇದನ್ನು ದಡ್ಡತನ ಅಂತಾರೆ. ನನಗೆ ಹಾಗನ್ನಿಸಲ್ಲ. ಯಾವತ್ತಿನ ತಕ್ಕಡಿ ಅಂತ ಕೇಳಬೇಕು. ಆ ಸೆಪ್ಟೆಂಬರಿನಲ್ಲಿ ತೂಗಿದರೆ ಅದು ಸಾಟಿಯೇ.

ಆದರೆ 'ಸಾಟಿ'ಗೆ ಒಂದು ತೊಡಕಿದೆ. 2023ರ ನವೆಂಬರಿನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತಿನಿಂದ ಮುಂಬೈಗೆ ವಾಪಸ್ ಹೋದರು, ಮುಂಬೈನ ಕ್ಯಾಮರೂನ್ ಗ್ರೀನ್ ನಮ್ಮ ಆರ್‌ಸಿಬಿಗೆ ಬಂದರು. ಎರಡೂ ದುಡ್ಡಿನ ವ್ಯವಹಾರ. ಗ್ರೀನ್‌ಗೆ 17.5 ಕೋಟಿ. ಬದಲಿಗೆ ಮನುಷ್ಯರು ಹೋಗಲಿಲ್ಲ. ಐಪಿಎಲ್‌ನವರು ಇದನ್ನೂ 'ಟ್ರೇಡ್' ಅಂತಲೇ ಕರೆಯುತ್ತಾರೆ. ಇದಕ್ಕೆ 'ಸಾಟಿ' ಅಂದರೆ ಸುಳ್ಳಾಗುತ್ತದೆ. ಎರಡಕ್ಕೂ ಹೊಂದುವ ಒಂದೇ ಪದ ಇದೆಯಾ, ಅಥವಾ ಎರಡು ಪದ ಇಟ್ಟುಕೊಳ್ಳೋಣವಾ?

ಇನ್ನು 'ಪ್ರಾಸ್ಪೆಕ್ಟ್', ಕಂಪ್ಯೂಟರ್ 'ನಿರೀಕ್ಷೆ' ಅಂದದ್ದು, ಅಂದರೆ ಇನ್ನೂ ಬೆಳೆಯುತ್ತಿರುವ ಹುಡುಗ. ಗಣಿ ಕೆಲಸದ ಇಂಗ್ಲಿಷಿನಲ್ಲಿ ಈ ಪದಕ್ಕೆ ಚಿನ್ನ ಸಿಗಬಹುದಾದ ಜಾಗ ಅಂತ ಅರ್ಥ. ಚಿನ್ನ ಅಂತ ಅಲ್ಲ. ಅಗೆದೇ ನೋಡಬೇಕು. ನಮ್ಮ ಪತ್ರಿಕೆಗಳ 'ಉದಯೋನ್ಮುಖ ಆಟಗಾರ', 'ಭರವಸೆಯ ಆಟಗಾರ' ಎರಡರಲ್ಲೂ ಈ ಅನುಮಾನದ ಎಳೆ ಇಲ್ಲ. ಉದಯೋನ್ಮುಖ ಅಂದರೆ ಸೂರ್ಯ, ಹುಟ್ಟಿಯೇ ಹುಟ್ಟುತ್ತಾನೆ. 'ಎಳಸು' ಅಂದರೆ ಬೈದ ಹಾಗೆ. 'ಪಡ್ಡೆ' ಒಳ್ಳೆ ಪದ, ಇನ್ನೂ ಕರು ಹಾಕದ ಎಳೆ ಹಸುವಿಗೆ ಹೇಳೋದು. ಆದರೆ 'ತಂಡಗಳು ಪಡ್ಡೆ ಹುಡುಗರನ್ನು ಕೊಡಬೇಕೇ' ಅಂತ ಬರೆದರೆ ಕಾಲೇಜಿನ ಗೇಟಿನ ಮುಂದೆ ಬೈಕಿನ ಮೇಲೆ ಕೂತವರು ನೆನಪಾಗುತ್ತಾರೆ. ಅವರನ್ನು ಯಾರು ಬೇಕಾದರೂ ತಗೊಂಡು ಹೋಗಲಿ ಅನ್ನಿಸುತ್ತದೆ.

ಇಲ್ಲಿ ಒಂದು ಸಣ್ಣ ಕಥೆ. ಕೆಲವು ವರ್ಷದ ಹಿಂದೆ ನಮ್ಮ ಮಾವನವರ ಜೊತೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿದ್ದೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರ ದಾಟಿದರೆ ಅಲ್ಲೇ. ಒಬ್ಬ ದಲ್ಲಾಳಿ ಹಳ್ಳಿಕಾರ್ ಹೋರಿಯ ಮೂಗುದಾರ ಹಿಡಿದು, ಕೆಳತುಟಿ ಹೆಬ್ಬೆರಳಲ್ಲಿ ಒತ್ತಿ, ಹಲ್ಲು ತೋರಿಸಿದ. ದನದ ವಯಸ್ಸು ಹಲ್ಲಿನಲ್ಲೇ ತಿಳಿಯೋದು. 'ಇನ್ನೂ ಹಾಲಲ್ಲು, ನೊಗ ಕಂಡಿಲ್ಲ' ಅಂದ. ಪಕ್ಕದ ಜೋಡಿ ಎರಡಲ್ಲು, ಅಂದರೆ ಹಾಲಲ್ಲು ಬಿದ್ದು ಎರಡು ಹಲ್ಲು ಬಂದದ್ದು. ಆಚೆ ಕಟ್ಟಿದ್ದದ್ದು ಬಾಯ್ಗೂಡಿದ ಎತ್ತು, ಅಂದರೆ ಹಲ್ಲೆಲ್ಲಾ ಬಂದು ಬಾಯಿ ತುಂಬಿದ್ದು. ಆಮೇಲೆ ಕೈ ಮೇಲೆ ಟವಲು ಹೊದಿಸಿಕೊಂಡು, ಒಳಗೆ ಬೆರಳು ಹಿಡಿದು ದರ ಶುರುವಾಯಿತು. ಮುಖ ನೋಡಿದರೆ ಒಂದೂ ತಿಳಿಯಲ್ಲ. ಹಾಲಲ್ಲಿನ ಜೋಡಿ ಕೊಟ್ಟು, ಮೇಲೆ ಇಷ್ಟು ದುಡ್ಡು ಹಾಕಿ, ಗೇಯ್ದ ಎತ್ತು ಕೇಳುತ್ತಿದ್ದವನೂ ಒಬ್ಬನಿದ್ದ. ಅವನಿಗೆ ಮೋಸ ಆಗ್ತಿದೆಯಲ್ಲಾ ಅಂದೆ. ಮಾವ ನಕ್ಕರು. 'ಅಳಿಯಂದ್ರೇ, ಅವನು ಬರೋ ಮುಂಗಾರಿಗೇ ಉಳಬೇಕು. ಎತ್ತಿನವನತ್ರ ಮೇವೈತೆ, ಕಾಯ್ತಾನೆ.'

ಆ ಇಡೀ ಇಂಗ್ಲಿಷ್ ಬರಹ ಎಂಟು ಪುಟದಲ್ಲಿ ಹೇಳಿದ್ದು ಇದನ್ನೇ.

ಅದಕ್ಕೇ ನನಗೆ ಈ ಹಲ್ಲಿನ ಲೆಕ್ಕ ಇಷ್ಟ. ಕರ್ನಾಟಕದ ದೇವದತ್ತ ಪಡಿಕ್ಕಲ್ ಅವರನ್ನೇ ನೋಡಿ. 2023ರಲ್ಲಿ ರಾಜಸ್ಥಾನ ಅವರನ್ನು ಲಖನೌಗೆ ಕೊಟ್ಟು ಆವೇಶ್ ಖಾನ್ ಅವರನ್ನು ತಂದಿತು. ಪಡಿಕ್ಕಲ್ ಆಗಲೇ ಭಾರತಕ್ಕೆ ಟಿ20 ಆಡಿದ್ದರು, ಆದರೂ 'ಮುಂದೆ ನೋಡೋಣ' ಅನ್ನೋ ಪಟ್ಟಿಯಲ್ಲೇ ಇದ್ದರು. ಎಳೆಯರೂ ಅಲ್ಲ, ಪಳಗಿದವರೂ ಅಲ್ಲ. ನಾಲ್ಕಲ್ಲು ಅಂತ ಇಟ್ಟುಕೊಳ್ಳಿ. ಹಾಗಂತ ಮನುಷ್ಯರನ್ನು ದನದ ಲೆಕ್ಕದಲ್ಲಿ ಅಚ್ಚು ಹಾಕಿಸೋಕೆ ಧೈರ್ಯ ಬರಲಿಲ್ಲ. ಐಪಿಎಲ್‌ನಲ್ಲಿ ಆಟಗಾರ ಒಪ್ಪದೆ ಟ್ರೇಡ್ ಆಗಲ್ಲ. ಎತ್ತನ್ನು ಯಾರೂ ಕೇಳಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಮನೆ ಹತ್ತಿರದ ಮೈದಾನದಲ್ಲಿ. ಭಾನುವಾರ ಬೆಳಿಗ್ಗೆ ಮಗಳನ್ನು ಕೋಚಿಂಗಿಗೆ ಬಿಡೋಕೆ ಹೋಗಿದ್ದೆ. ನೆಟ್ ಹಿಂದೆ ನಿಂತಿದ್ದ ಕೋಚ್ ಒಬ್ಬ ಹುಡುಗನನ್ನು ತೋರಿಸಿ, 'ನೋಡ್ತಾ ಇರಿ, ಇವನು ಮುಂದೆ ಬರ್ತಾನೆ' ಅಂದರು. ಅಷ್ಟೇ! ನಾನು ಮೂರು ದಿನದಿಂದ ನಾಮಪದ ಹುಡುಕುತ್ತಿದ್ದೆ, ಕನ್ನಡದಲ್ಲಿ ಅದು ಕ್ರಿಯಾಪದವಾಗಿ ಓಡಾಡಿಕೊಂಡಿತ್ತು. 'ಮುಂದೆ ಬರುವ ಹುಡುಗ'. ಬರಲೂಬಹುದು, ಬರದೆಯೂ ಇರಬಹುದು.

'ಟ್ರೇಡ್'ಗೂ ಇದೇ ದಾರಿ ಹಿಡಿದೆ. ಮದುವೆ ಸಂಬಂಧದಲ್ಲಿ 'ಅವರಿಗೂ ನಮಗೂ ಕೊಡೋದು ತರೋದು ಇದೆ' ಅಂತೀವಲ್ಲ, ಅದೇ ಕೊಡು, ತರು. ಸದ್ಯಕ್ಕೆ ತಲೆಬರಹ ಹೀಗಿದೆ: 'ಮುಂದೆ ಬರುವ ಹುಡುಗರನ್ನು ಕೊಟ್ಟು ಪಳಗಿದವರನ್ನು ತರಬೇಕೇ?' ಬರಹದ ಒಳಗೆ, ಆಟಗಾರನಿಗೆ ಆಟಗಾರ ಬದಲಾದ ಕಡೆ 'ಸಾಟಿ' ಅಂತ ಹಾಕಿದ್ದೇನೆ. ದುಡ್ಡಿಗೆ ಬಂದ ಕಡೆ 'ಟ್ರೇಡ್' ಅಂತಲೇ ಬಿಟ್ಟಿದ್ದೇನೆ.

ನಿಮ್ಮಿಂದ ತಿಳಿಯಬೇಕಾದ್ದು: ಉತ್ತರ ಕರ್ನಾಟಕದ ಕಡೆ 'ಸಾಟಿ' ಈಗಲೂ ಬಾಯಿಮಾತಿನಲ್ಲಿ ಇದೆಯಾ, ಇದ್ದರೆ ಯಾವುದಕ್ಕೆ? ದನ ಅದಲು ಬದಲು ಮಾಡುವಾಗ ಮೇಲೆ ಹಾಕುವ ದುಡ್ಡಿಗೆ ನಿಮ್ಮೂರಿನಲ್ಲಿ ಬೇರೆ ಹೆಸರಿದೆಯಾ? ಮಂಡ್ಯ, ಹಾಸನದವರು ಹೇಳಿದರೆ ಒಳ್ಳೆಯದು. ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಕಂಬಳದಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ ಅಂತ ವಿಭಾಗ ಇದೆಯಲ್ಲ, ಕಿರಿಯದಲ್ಲಿ ಓಡುವ ಕೋಣ 'ಮುಂದೆ ಬರುತ್ತದೆ' ಅನ್ನೋದಕ್ಕೆ ಅಲ್ಲಿಯ ಮಾತು ಏನು?

ಶುಕ್ರವಾರ ಕೆಲಸ ಒಪ್ಪಿಸಬೇಕು. ಗುರುವಾರ ರಾತ್ರಿಯೊಳಗೆ ಬರೆದರೆ ಸೇರಿಸಿಕೊಳ್ಳುತ್ತೇನೆ.