ಜೇನಿನ ಸೈಟ್ ಗೂಗಲ್‌ನಲ್ಲಿ ಪಾತಾಳಕ್ಕೆ ಇಳಿದಿದೆ. ಇನ್ನೂ ಸಾವಿರ ಲಿಂಕ್ ಕೊಳ್ಳಲೇ?

ಪೆಟ್ಟಿಗೆಜೇನು · 6 ಅಕ್ಟೋಬರ್ 2024

ನಮಸ್ಕಾರ. ನಾನು ಶಿರಸಿ ಕಡೆಯವಳು. ಮನೆ ಹಿಂದೆ 22 ಪೆಟ್ಟಿಗೆ ತುಡುವೆ ಜೇನು ಇಟ್ಟಿದ್ದೇನೆ. 2016ರಿಂದ ಜೇನು ಸಾಕಣೆ ಬಗ್ಗೆ ಕನ್ನಡದಲ್ಲಿ ಒಂದು ಸೈಟ್ ನಡೆಸುತ್ತಿದ್ದೇನೆ. ಮೇಣದ ಹುಳು ಬಿದ್ದರೆ ಏನು ಮಾಡಬೇಕು, ಮಳೆಗಾಲದಲ್ಲಿ ಸಕ್ಕರೆ ಪಾಕ ಎಷ್ಟು ಕೊಡಬೇಕು, ಹಿಸ್ಸೆ (ಒಂದು ಕುಟುಂಬವನ್ನು ಎರಡಾಗಿಸುವುದು) ಮಾಡುವುದು ಹೇಗೆ, ಹೀಗೆ ನಾನು ಮಾಡಿ ನೋಡಿದ್ದನ್ನೇ ಬರೆದಿದ್ದೇನೆ. ಒಟ್ಟು 90 ಬರಹ. ಜೇನುತುಪ್ಪ, ಪೆಟ್ಟಿಗೆ ಮಾರಾಟವೂ ಜಾಸ್ತಿ ಅಲ್ಲಿಂದಲೇ.

'ಜೇನು ಪೆಟ್ಟಿಗೆ' ಅಂತ ಹುಡುಕಿದರೆ ಮೊದಲ ಮೂರರಲ್ಲಿ ನಾನಿರುತ್ತಿದ್ದೆ. ದಿನಕ್ಕೆ 600 ಜನರ ಆಸುಪಾಸು ಬರುತ್ತಿದ್ದರು. ಈಗ 140 ಬಂದರೆ ಹಬ್ಬ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಒಬ್ಬರು ಎಸ್‌ಇಒ, ಅಂದರೆ ಸೈಟನ್ನು ಗೂಗಲ್‌ನಲ್ಲಿ ಮೇಲೆ ತರುವ ಕೆಲಸ, ಮಾಡಿಕೊಡುತ್ತೇವೆ ಅಂತ ಫೋನ್ ಮಾಡಿದ್ದರು. 22 ಸಾವಿರಕ್ಕೆ 400 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನನ್ನ ಸೈಟಿಗೆ ಲಿಂಕ್), ಜೊತೆಗೆ ಕಂಟೆಂಟ್ ಫ್ರೀ ಅಂದರು. ಒಪ್ಪಿಕೊಂಡೆ. ಸೈಟ್ ಬಿದ್ದ ಮೇಲೆ ಕೇಳಿದರೆ, "ಮೇಡಂ, ಗೂಗಲ್ ಅಲ್ಗಾರಿದಮ್ ಬದಲಾಗಿದೆ, ಆ ಲಿಂಕ್ ಸಾಲದು, ಹೈ ಡಿಎ, ಅಂದರೆ ಜಾಸ್ತಿ ತೂಕದ ಅಂಕ, ಇರೋ ಸೈಟ್‌ಗಳಿಂದ ಸಾವಿರ ಲಿಂಕ್ ಬೇಕು, 35 ಸಾವಿರ ಆಗುತ್ತೆ" ಅನ್ನುತ್ತಾರೆ. ನನ್ನ ತಮ್ಮ ಇದಕ್ಕೆ ಪೂರ್ತಿ ಉಲ್ಟಾ. ಆ 400 ಲಿಂಕೇ ವಿಷ, ಎಲ್ಲವನ್ನೂ ಡಿಸ್‌ಅವೋ ಮಾಡು, ಅಂದರೆ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಹೇಳು, ಅನ್ನುತ್ತಾನೆ. ಯಾರ ಮಾತು ಕೇಳಲಿ? 35 ಸಾವಿರ ಅಂದರೆ ಜೇನು ಸಮೇತ ಎಂಟೊಂಬತ್ತು ಪೆಟ್ಟಿಗೆಯ ದುಡ್ಡು.

---

ಹಳೇ ಲಿಂಕು · 6 ಅಕ್ಟೋಬರ್

ದುಡ್ಡು ಕೊಡಬೇಡಿ. ಡಿಸ್‌ಅವೋ ಕೂಡ ಈಗಲೇ ಬೇಡ. ಮೊದಲು ಮೂರು ವಿಷಯ ಹೇಳಿ.

ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ 'ಮ್ಯಾನುಯಲ್ ಆ್ಯಕ್ಷನ್ಸ್' ಅಂತ ಒಂದು ಪುಟ ಇದೆ, ಗೂಗಲ್‌ನವರೇ ನೋಡಿ ಶಿಕ್ಷೆ ಹಾಕಿದ್ದರೆ ಅಲ್ಲಿರುತ್ತೆ. ಅಲ್ಲಿ ಏನು ಬರೆದಿದೆ? ಗ್ರಾಫ್ ಬೀಳೋಕೆ ಶುರುವಾದ ತಾರೀಖು ಯಾವುದು? ಮತ್ತೆ ಆ ಫ್ರೀ ಕಂಟೆಂಟ್ ಅಂದಿರಲ್ಲ, ಎಷ್ಟು ಪುಟ ಹಾಕಿದ್ದಾರೆ? ನೀವು ಓದಿದ್ದೀರಾ?

---

ಪೆಟ್ಟಿಗೆಜೇನು · 7 ಅಕ್ಟೋಬರ್

ಮ್ಯಾನುಯಲ್ ಆ್ಯಕ್ಷನ್ ಪುಟದಲ್ಲಿ ಹಸಿರು ಟಿಕ್ ಇದೆ, ಯಾವ ತೊಂದರೆಯೂ ಇಲ್ಲ ಅಂತ.

ಮಾರ್ಚ್ ಎರಡನೇ ವಾರದಿಂದ ಬೀಳೋಕೆ ಶುರು. ಏಪ್ರಿಲ್ ಕೊನೆಗೆ ನೆಲ ಮುಟ್ಟಿತ್ತು.

ಕಂಟೆಂಟ್ ಓದಿರಲಿಲ್ಲ. ನಿನ್ನೆ ರಾತ್ರಿ ಕೂತು ಓದಿದೆ. 120 ಪುಟ! ನಾನು ಎಂಟು ವರ್ಷದಲ್ಲಿ ಬರೆದಿದ್ದಕ್ಕಿಂತ ಜಾಸ್ತಿ, ಎರಡು ವಾರದಲ್ಲಿ. ಒಂದರಲ್ಲಿ "ಹಿಮ ಬೀಳುವ ಮೊದಲು ಜೇನುಗೂಡಿಗೆ ಹೊದಿಕೆ ಹಾಕಿರಿ" ಅಂತ ಇದೆ. ಶಿರಸಿಯಲ್ಲಿ ಹಿಮ! ಇನ್ನೊಂದರಲ್ಲಿ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕುವ ವಿಧಾನ ಇದೆ. ಯಾರಾದರೂ ನಂಬಿ ಕೈ ಹಾಕಿದ್ದರೆ ಗತಿ ಏನಾಗುತ್ತಿತ್ತೋ. 'ಜೇನು ಸಾಕಣೆ ಕುಮಟಾ', 'ಜೇನು ಸಾಕಣೆ ಹಾಸನ', 'ಜೇನು ಸಾಕಣೆ ಬೀದರ್' ಅಂತ ಊರಿಗೊಂದು ಪುಟ, ಒಳಗೆ ಬರೀ ಊರಿನ ಹೆಸರು ಬೇರೆ. ನನ್ನ ಹೆಸರಿನಲ್ಲೇ ಇವೆಲ್ಲ ಇದ್ದವು. ನಾಚಿಕೆಯಾಯಿತು.

---

ಹಳೇ ಲಿಂಕು · 7 ಅಕ್ಟೋಬರ್

ಹಾಗಾದರೆ ಕಾಯಿಲೆ ಲಿಂಕಿನದ್ದಲ್ಲ, ಪುಟಗಳದ್ದು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಳ್ಳಿ.

ನಾನು 2010ರಿಂದ ಮೂರು ವರ್ಷ ಬೆಂಗಳೂರಿನ ಒಂದು ಆಫೀಸಿನಲ್ಲಿ ಇದೇ ಕೆಲಸ ಮಾಡಿದವನು. ಅಮೆರಿಕದ ಅಂಗಡಿಗಳಿಗೆ ಲಿಂಕ್ ಕಟ್ಟುವುದು. ಬೆಳಿಗ್ಗೆ ಬಂದರೆ ಎಕ್ಸೆಲ್ ಶೀಟ್ ತೆರೆಯುವುದು. ಒಂದು ಕಾಲಂನಲ್ಲಿ ಡೈರೆಕ್ಟರಿ (ಬೇರೆ ಸೈಟ್‌ಗಳ ಪಟ್ಟಿ ಹಾಕುವ) ಸೈಟಿನ ವಿಳಾಸ, ಪಕ್ಕದಲ್ಲಿ ಆ್ಯಂಕರ್ ಟೆಕ್ಸ್ಟ್ (ಲಿಂಕ್ ಅಂಟಿಸುವ ಪದ), ಅದರ ಪಕ್ಕ 'ಡನ್'. ದಿನಕ್ಕೆ 40 ಡನ್ ಆಗಬೇಕು. ಒಂದು ಕರ್ಟನ್ ಅಂಗಡಿಗೆ 'ಚೀಪ್ ಕರ್ಟನ್ಸ್' ಅನ್ನುವ ಎರಡು ಪದವನ್ನೇ ನಾನೊಬ್ಬನೇ ಮೂರು ಸಾವಿರ ಸಲ ಅಂಟಿಸಿದ್ದೇನೆ. ಒಂದೇ ಲೇಖನದಲ್ಲಿ ಪದಗಳನ್ನು ಮಾತ್ರ ಅದಲು ಬದಲು ಮಾಡಿ 50 ಲೇಖನ ಮಾಡುವ ಸಾಫ್ಟ್‌ವೇರೂ ಇತ್ತು. ನಿಮ್ಮ ಊರಿಗೊಂದು ಪುಟ ಅದರ ಮೊಮ್ಮಗ.

ಆಗ ಅದು ನಡೆಯುತ್ತಿತ್ತು. ಗೂಗಲ್ ಹುಟ್ಟಿದ್ದೇ ಲಿಂಕ್ ಎಣಿಸುವ ಐಡಿಯಾದಿಂದ ಅಲ್ವಾ? 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬರೆದ ಪೇಜ್‌ರ‍್ಯಾಂಕ್‌ನ ಸಾರ ಇಷ್ಟೇ: ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ಒಂದು ಶಿಫಾರಸು, ಶಿಫಾರಸು ಮಾಡಿದವರು ದೊಡ್ಡವರಾದರೆ ತೂಕ ಜಾಸ್ತಿ. ಶಿಫಾರಸಿಗೆ ಬೆಲೆ ಇದ್ದಲ್ಲಿ ಅದನ್ನು ಮಾರುವವರೂ ಹುಟ್ಟುತ್ತಾರೆ. 2011ರ ಫೆಬ್ರವರಿಯಲ್ಲಿ ಜೆಸಿ ಪೆನ್ನಿ ಅನ್ನುವ ದೊಡ್ಡ ಅಮೆರಿಕನ್ ಅಂಗಡಿಯ ಕಥೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಲಿಂಕ್, ಬಟ್ಟೆ, ಹಾಸಿಗೆ, ಕಾರ್ಪೆಟ್ ಏನು ಹುಡುಕಿದರೂ ಅವರೇ ಮೊದಲು. ಗೂಗಲ್ ಅವರನ್ನು ಕೆಳಕ್ಕೆ ತಳ್ಳಿತು. ನಮ್ಮ ಆಫೀಸಿನಲ್ಲಿ ಅದನ್ನು ಓದಿ ನಕ್ಕೆವು, ಮತ್ತೆ ಎಕ್ಸೆಲ್ ತೆರೆದೆವು.

2012ರ ಏಪ್ರಿಲ್ 24ಕ್ಕೆ ಪೆಂಗ್ವಿನ್ ಬಂತು, ಇಂಥ ಲಿಂಕುಗಳನ್ನು ಹಿಡಿಯುವ ಗೂಗಲ್‌ನ ಅಪ್‌ಡೇಟ್. ನಮಗೆ ಗೊತ್ತಾಗಿದ್ದು ಮಾರನೇ ದಿನ. ಕರ್ಟನ್ ಅಂಗಡಿ ಮೂರನೇ ಸ್ಥಾನದಿಂದ ಆರನೇ ಪುಟಕ್ಕೆ ಹೋಗಿತ್ತು. ಮ್ಯಾನೇಜರ್ ಫೋನ್ ಹಿಡಿದು ಮೆಟ್ಟಿಲ ಹತ್ತಿರ ನಿಂತೇ ಇದ್ದರು, ಊಟಕ್ಕೂ ಬರಲಿಲ್ಲ. ಆಮೇಲೆ ಒಂದು ವರ್ಷ ನನ್ನ ಕೆಲಸ ಏನು ಗೊತ್ತಾ? ಅದೇ ಎಕ್ಸೆಲ್ ಶೀಟ್ ಹಿಡಿದು, "ದಯವಿಟ್ಟು ನಮ್ಮ ಲಿಂಕ್ ತೆಗೆಯಿರಿ" ಅಂತ ಮೇಲ್ ಬರೆಯುವುದು. 'ಡನ್' ಕಾಲಂ ಪಕ್ಕ 'ರಿಮೂವ್ಡ್' ಅಂತ ಇನ್ನೊಂದು ಕಾಲಂ. ಕೆಲವು ಡೈರೆಕ್ಟರಿಯವರು ತೆಗೆಯೋಕೂ ಹತ್ತು ಡಾಲರ್ ಕೇಳಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಗೂಗಲ್ ಡಿಸ್‌ಅವೋ ಟೂಲ್ ಕೊಟ್ಟ ಮೇಲೆ ಉಸಿರು ಬಂತು. 'ಈ ಲಿಂಕ್ ನಮ್ಮದಲ್ಲ ಅಂದುಕೊಳ್ಳಿ' ಅಂತ ಒಂದು ಫೈಲ್ ಕೊಟ್ಟರೆ ಆಯಿತು.

ನಿಮ್ಮ ತಮ್ಮ ಹೇಳುತ್ತಿರುವುದು ಆ ಕಾಲದ ಮಾತು. ಆಮೇಲೆ ಗಾಳಿ ಬದಲಾಯಿತು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ 4.0 ಬಂದಾಗಿನಿಂದ ಗೂಗಲ್ ಕೆಟ್ಟ ಲಿಂಕಿಗೆ ಸೈಟನ್ನೇ ಹೊಡೆಯುವ ಬದಲು, ಹೆಚ್ಚಾಗಿ ಆ ಲಿಂಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್‌ಬ್ರೇನ್ ಅನ್ನುವ ತಮ್ಮ ಎಐಯನ್ನೂ ಇದಕ್ಕೆ ಹಚ್ಚಿದರು. ಅಂದರೆ ನಿಮ್ಮ 400 ಲಿಂಕ್ ವಿಷವೂ ಅಲ್ಲ, ಔಷಧವೂ ಅಲ್ಲ. 22 ಸಾವಿರ ಗಾಳಿಗೆ ಹೋಯಿತು, ಅಷ್ಟೇ. ಡಿಸ್‌ಅವೋ ಬೇಕಾಗುವುದು ಮ್ಯಾನುಯಲ್ ಆ್ಯಕ್ಷನ್ ಬಂದಾಗ, ಇಲ್ಲವೇ ಬರುವ ಹಾಗಿದ್ದಾಗ. ನಿಮಗೆ ಬಂದಿಲ್ಲ. ಹುಷಾರಿಲ್ಲದೆ ಮಾಡಿದರೆ ಒಳ್ಳೆ ಲಿಂಕನ್ನೂ ಕೊಂದುಕೊಳ್ಳುತ್ತೀರಿ.

ಈಗ ನಿಮ್ಮ ತಾರೀಖಿಗೆ ಬರೋಣ. ಈ ವರ್ಷ ಮಾರ್ಚ್ 5ಕ್ಕೆ ಒಂದು ಕೋರ್ ಅಪ್‌ಡೇಟ್, ಅಂದರೆ ಗೂಗಲ್ ಸ್ಥಾನ ಕೊಡುವ ರೀತಿಯಲ್ಲೇ ದೊಡ್ಡ ಬದಲಾವಣೆ, ಶುರುವಾಯಿತು. ಮುಗಿದಿದ್ದು ಏಪ್ರಿಲ್ 19ಕ್ಕೆ, 45 ದಿನ. ನಿಮ್ಮ ಗ್ರಾಫ್ ಜೊತೆ ಇಟ್ಟು ನೋಡಿ. ಅದರ ಜೊತೆಗೇ ಹೊಸ ಸ್ಪ್ಯಾಮ್ ನಿಯಮವೂ ಬಂತು: ಜನರಿಗೆ ಉಪಯೋಗ ಆಗಲಿ ಅಂತಲ್ಲದೆ, ಸುಮ್ನೆ ರ‍್ಯಾಂಕ್‌ಗೋಸ್ಕರ ರಾಶಿ ರಾಶಿ ಪುಟ ಹಾಕುವುದು ತಪ್ಪು. ಎಐ ಬರೆದರೂ ಅಷ್ಟೇ, ಮನುಷ್ಯ ಬರೆದರೂ ಅಷ್ಟೇ. ನಿಮ್ಮ 210 ಪುಟದಲ್ಲಿ 120 ಅಂಥವು. ಹೊರಗಿನಿಂದ ನೋಡುವವನಿಗೆ ನಿಮ್ಮ ಸೈಟ್ ಅರ್ಧಕ್ಕಿಂತ ಜಾಸ್ತಿ ಜೊಳ್ಳು. ಒಳ್ಳೆ 90 ಕೂಡ ಅದರ ಜೊತೆ ಮುಳುಗಿದವು ಅಂತ ನನ್ನ ಲೆಕ್ಕ.

ಆ 120 ತೆಗೆಯಿರಿ. ಮುಖಪುಟಕ್ಕೆ ತಿರುಗಿಸಬೇಡಿ, ಅಳಿಸಿಬಿಡಿ. ಆಮೇಲೆ ಕಾಯಬೇಕು. ಎರಡು ವಾರದಲ್ಲಿ ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ಅವರಿಗೂ ದುಡ್ಡು ಬೇಕಾಗಿದೆ ಅಂತ ಅರ್ಥ.

ಮರೆತಿದ್ದೆ: ಡಿಎ ಅನ್ನುವುದು ಮೋಜ್ ಅನ್ನುವ ಕಂಪನಿಯ ಅಳತೆ. ಗೂಗಲ್ ಅದನ್ನು ನೋಡುವುದೇ ಇಲ್ಲ.

---

ಒಗ್ಗರಣೆ · 8 ಅಕ್ಟೋಬರ್

ಮೇಲಿನವರ ಮಾತು ಬಹುಪಾಲು ಸರಿ. ಆದರೆ ಲಿಂಕ್ ಅಂದರೆ ಈಗ ಏನೂ ಇಲ್ಲ ಅಂತ ಓದಿದವರು ಅಂದುಕೊಳ್ಳಬಾರದು. ನಾನು ಅಡುಗೆ ಬರೆಯುವವಳು. ನನ್ನ ತಂಬುಳಿಗಳ ಪುಟ ವರ್ಷಗಟ್ಟಲೆ ಎರಡನೇ ಪುಟದಲ್ಲೇ ಕೊಳೆಯುತ್ತಿತ್ತು. ಒಂದು ಪತ್ರಿಕೆಯ ಅಂಕಣದಲ್ಲಿ ಯಾರೋ ಒಂದೆಲಗದ ಬಗ್ಗೆ ಬರೆಯುತ್ತಾ ಅದಕ್ಕೆ ಲಿಂಕ್ ಕೊಟ್ಟರು. ನಾನು ಕೇಳಿರಲಿಲ್ಲ, ಅವರ ಪರಿಚಯವೂ ಇಲ್ಲ. ತಿಂಗಳೊಳಗೆ ಮೊದಲ ಪುಟದ ನಾಲ್ಕನೇ ಸ್ಥಾನ. ಆ ಒಂದು ಲಿಂಕ್ ನಿಮ್ಮ 400ಕ್ಕೆ ಸಮ. ಅಲ್ಲ, 400 ಅಂದರೆ ಸೊನ್ನೆ ತಾನೇ, ಹೋಲಿಕೆಯೇ ತಪ್ಪು.

ಲಿಂಕ್ ಕೊಳ್ಳುವವರ ಕಾಟ ನನಗೆ ಇನ್ನೊಂದು ಕಡೆಯಿಂದ. ವಾರಕ್ಕೆ ಮೂರು ಮೇಲ್ ಬರುತ್ತವೆ. "ಡಿಯರ್ ಸರ್, ನಿಮ್ಮ ಅದ್ಭುತ ಬ್ಲಾಗ್ ಓದಿದೆ, ಗೆಸ್ಟ್ ಪೋಸ್ಟ್ ಹಾಕಬಹುದೇ?" ತೆರೆದು ನೋಡಿದರೆ ಬಿಸಿಬೇಳೆಬಾತ್ ಮಧ್ಯೆ ರಮ್ಮಿ ಆಟದ ಲಿಂಕ್. ದುಡ್ಡು ತೆಗೆದುಕೊಂಡು ಲಿಂಕ್ ಹಾಕಿದರೆ ಅದಕ್ಕೆ 'ಸ್ಪಾನ್ಸರ್ಡ್' ಅನ್ನುವ ಗುರುತು ಹಾಕಬೇಕು, 2019ರಲ್ಲಿ ಬಂದಿದ್ದು. ಹಾಕುತ್ತೇನೆ ಅಂದ ತಕ್ಷಣ ಆ ಕಡೆಯಿಂದ ಉತ್ತರವೇ ಇಲ್ಲ!

ಇನ್ನೊಂದು. ಬಿದ್ದಿದ್ದು ರ‍್ಯಾಂಕೋ, ಬರೀ ಕ್ಲಿಕ್ಕೋ ನೋಡಿಕೊಳ್ಳಿ. ಆಗಸ್ಟ್‌ನಲ್ಲಿ ಎಐ ಓವರ್‌ವ್ಯೂ (ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬರುವ ಗೂಗಲ್‌ನ ಎಐ ಉತ್ತರ) ನಮ್ಮ ದೇಶಕ್ಕೆ ಬಂತು, ಇಂಗ್ಲಿಷ್, ಹಿಂದಿಯಲ್ಲಿ. ನನ್ನ ಇಂಗ್ಲಿಷ್ ಪುಟಗಳು ಇದ್ದ ಜಾಗದಲ್ಲೇ ಇವೆ, ಬರುವವರು ಮಾತ್ರ ಕಮ್ಮಿ. ಉತ್ತರ ಮೇಲೇ ಸಿಕ್ಕಿದ ಮೇಲೆ ಯಾರು ಕೆಳಗಿಳಿಯುತ್ತಾರೆ? ಕನ್ನಡ ಪುಟಗಳಿಗೆ ಸದ್ಯ ಆ ಪೆಟ್ಟು ಬಿದ್ದಿಲ್ಲ. ನಿಮ್ಮದು ಮಾರ್ಚ್‌ನದ್ದು, ಇದಲ್ಲ. ಆದರೂ ಗೊತ್ತಿರಲಿ.

---

ಬಿಸಿಲು · 8 ಅಕ್ಟೋಬರ್

ಎಲ್ಲ ಸುಮ್ನೆ. ದೊಡ್ಡ ನ್ಯೂಸ್ ಸೈಟ್‌ಗಳು ಕೂಪನ್ ಕೋಡಿನಿಂದ ಹಿಡಿದು ಜಾತಕದವರೆಗೆ ಹಾಕುತ್ತವೆ, ಅವಕ್ಕೆ ಏನೂ ಆಗಲ್ಲ. ಸಿಗುವುದು ಜೇನು ಸಾಕುವವರು.

---

ಹಳೇ ಲಿಂಕು · 8 ಅಕ್ಟೋಬರ್

ಕೂಪನ್ ವಿಷಯ ಹಾಗಲ್ಲ. ಹೊರಗಿನವರ ಪುಟಗಳನ್ನು ತಮ್ಮ ಹೆಸರಿನ ಬಲದಲ್ಲಿ ಮೇಲೆತ್ತುವುದಕ್ಕೂ ಮಾರ್ಚ್‌ನಲ್ಲೇ ನಿಯಮ ಬಂತು, ಮೇ ತಿಂಗಳಿಂದ ಜಾರಿ. ವಿದೇಶದ ದೊಡ್ಡ ದೊಡ್ಡ ಸೈಟ್‌ಗಳ ಕೂಪನ್ ಪುಟಗಳೇ ಮಾಯವಾದವು. ಆದರೆ ನಿಮ್ಮ ಸಿಟ್ಟಿನಲ್ಲಿ ಅರ್ಧ ನಿಜ ಇದೆ. ದೊಡ್ಡವರಿಗೆ ಬಿದ್ದರೆ ಫೋನ್ ಮಾಡೋಕೆ ಯಾರೋ ಇರುತ್ತಾರೆ. ಇವರಿಗೆ ನಾವು.

---

ಪೆಟ್ಟಿಗೆಜೇನು · 2 ಫೆಬ್ರವರಿ 2025

ಯಾರಾದರೂ ಕಾಯುತ್ತಿದ್ದರೆ, ಹೇಳಿಬಿಡುತ್ತೇನೆ.

ಅಕ್ಟೋಬರ್‌ನಲ್ಲೇ 118 ಪುಟ ಅಳಿಸಿದೆ. ಎರಡನ್ನು ಉಳಿಸಿಕೊಂಡೆ, ತಲೆಬರಹ ಮಾತ್ರ. ಒಳಗಿನದ್ದೆಲ್ಲ ನಾನೇ ಬರೆದೆ. ಒಂದು ಮಿಸ್ರಿ ಜೇನಿನ (ಚುಚ್ಚದ ಪುಟ್ಟ ಜೇನು) ಬಗ್ಗೆ, ನಮ್ಮನೆ ಕಲ್ಲುಗೋಡೆಯ ಸಂದಿಯಿಂದ ಬಿದಿರಿನ ಅಂಡೆಗೆ ಇಳಿಸಿದ್ದು, ಫೋಟೋ ಸಮೇತ. ಅದಕ್ಕೆ ಒಬ್ಬ ಕಾಲೇಜು ಮೇಷ್ಟ್ರು ತಮ್ಮ ಸೈಟಿನಿಂದ ಲಿಂಕ್ ಕೊಟ್ಟಿದ್ದಾರೆ. ಒಗ್ಗರಣೆಯವರೇ, ನಾನೂ ಕೇಳಿರಲಿಲ್ಲ.

ನವೆಂಬರ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು ಕೋರ್ ಅಪ್‌ಡೇಟ್ ಬಂತು. ನವೆಂಬರ್‌ದಕ್ಕೆ ಏನೂ ಆಗಲಿಲ್ಲ. ಡಿಸೆಂಬರ್ ಆದ ಮೇಲೆ ಮೆಲ್ಲಗೆ ಏರಿ ಈಗ ದಿನಕ್ಕೆ 230. ಮೊದಲಿನ 600 ಇಲ್ಲ. 'ಜೇನು ಪೆಟ್ಟಿಗೆ'ಗೆ ಏಳನೇ ಸ್ಥಾನ.

ಆ ಎಸ್‌ಇಒದವರು ಜನವರಿಯಲ್ಲಿ ಮತ್ತೆ ಫೋನ್ ಮಾಡಿದ್ದರು. ಈ ಸಲ ಎಐ ಉತ್ತರದಲ್ಲಿ ನನ್ನ ಹೆಸರು ಬರಿಸುವ ಪ್ಯಾಕೇಜಂತೆ, 40 ಸಾವಿರ. ಎರಿ ತೆಗೆಯುತ್ತಿದ್ದೆ, ಕೈ ಅಂಟಾಗಿದೆ ಅಂತ ಇಟ್ಟೆ.

---

ತೀರ್ಥಹಳ್ಳಿ ಮಳೆ · 3 ಫೆಬ್ರವರಿ

ಗೂಗಲ್ ವಿಷಯ ನನಗೆ ಅರ್ಥವಾಗಲ್ಲ, ಕ್ಷಮಿಸಿ. ಜೇನಿನವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ಹೊಸದಾಗಿ ಎರಡು ಪೆಟ್ಟಿಗೆ ಇಟ್ಟಿದ್ದೇನೆ, ಇರುವೆ ಹತ್ತಿ ಸಾಕಾಗಿದೆ. ಏನು ಮಾಡಲಿ?

---

ಪೆಟ್ಟಿಗೆಜೇನು · 3 ಫೆಬ್ರವರಿ

ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ. ಒಣಗಲು ಬಿಡಬೇಡಿ. ಸುತ್ತ ಬೆಳೆದ ಹುಲ್ಲು ಕಡಿಯಿರಿ, ಒಂದು ಎಸಳು ಪೆಟ್ಟಿಗೆಗೆ ತಾಗಿದರೂ ಅದನ್ನೇ ಸೇತುವೆ ಮಾಡಿಕೊಂಡು ಬರುತ್ತವೆ. ಇರುವೆ ಪುಡಿ ಮಾತ್ರ ಹಾಕಬೇಡಿ, ಜೇನೂ ಸಾಯುತ್ತದೆ. ಕಪ್ಪಿರುವೆಯೋ ಕೆಂಪಿರುವೆಯೋ?